ನೀರಿನ ಪಡಿ

ಹೋದ ಶ್ರಾವಣ ಮಾಸದಲ್ಲಿ ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಶ್ರೀಮಠಕ್ಕೆ ಬಂದಿದ್ದರು. ಪೂಜ್ಯರ ದರ್ಶನ, ಪ್ರಸಾದಗಳಾದ ತರುವಾಯ ಹಳೆಯ ರೂಢಿಯಂತೆ ಕನ್ನಡದ ಕೊಠಡಿಯ ಬಾಗಿಲಿಗೆ ಬಂದು ನಿಂತು, "ಗುರುಗಳೇ, ನನಗೊಂದು ಶಬ್ದ ಬೇಕಾಗಿದೆ" ಎಂದರು. ವಿದ್ಯಾರ್ಥಿದೆಸೆಯಲ್ಲಿ ನಾನು ಕೊಟ್ಟ ಶಬ್ದಗಳನ್ನು ಹಿಂದಕ್ಕೊಪ್ಪಿಸಲು ಬಹಳ ಕಷ್ಟಪಟ್ಟ ಹುಡುಗ ಆತ. ಲೋಪಸಂಧಿ, ಆದೇಶಸಂಧಿಗಳಲ್ಲಿ ಭೇದವೆಣಿಸದೆ ಎರಡನ್ನೂ ಸಮಭಾವದಿಂದ ಕಂಡವನು. (ಶಿಷ್ಯನೆಂಬ ಸಲುಗೆಯಿಂದ ಇನ್ನು ಮುಂದೆ ಏಕವಚನವನ್ನೇ ಬಳಸುತ್ತೇನೆ, ಹಿರಿಯ ಎಂಜಿನಿಯರರಾದ ಅವರು ಕ್ಷಮಿಸಬೇಕು.) ಅವನಿಗೆ ಬೇಕಾಗಿದ್ದುದು 'ಡಿಜಿಟಲ್ ಟ್ವಿನ್' ಎಂಬ ಮಾತಿಗೆ ಕನ್ನಡ. ರೈತರ ಸಭೆಯೊಂದರಲ್ಲಿ ಆ ವಿಷಯವನ್ನು ವಿವರಿಸಬೇಕಾಗಿದೆ, ಇಂಗ್ಲಿಷ್ ಹೆಸರನ್ನು ಹೇಳಿದರೆ ಜನ ಅದನ್ನು ಇನ್ನೊಂದು ಬಗೆಯ ಪಂಪುಸೆಟ್ಟೆಂದು ತಿಳಿಯುತ್ತಾರೆ ಎಂಬುದು ಅವನ ಕಷ್ಟ.

ಶಬ್ದವನ್ನು ಕೊಡುವ ಮೊದಲು ವಸ್ತುವನ್ನು ತಿಳಿಯಬೇಕಲ್ಲವೆ? ಅಂದು ಎರಡು ಗಂಟೆಗಳ ಕಾಲ ಗುರುಶಿಷ್ಯರ ಸ್ಥಾನ ಅದಲುಬದಲಾಯಿತು. ಅವನು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು, ಅದರ ವಿಷಯದಲ್ಲಿ ನನಗೆ ತೋರಿದ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ. ವ್ಯಾಕರಣ ಹೇಳುವವನಿಗೆ ಕಾಲುವೆಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಶಾಲೆಯಿರುವುದು ಒಂದು ಕಾಲುವೆಯ ಕೊನೆಯ ಭಾಗದಲ್ಲಿ. ಉತ್ತರ ಇಷ್ಟೇ.

ಒಂದು ನದಿಯನ್ನೋ, ಜಲಾಶಯವನ್ನೋ, ಕಾಲುವೆಯ ಜಾಲವನ್ನೋ ಅದರ ಉದ್ದಗಲ, ಇಳಿಜಾರು, ಗೇಟು, ತೂಬುಗಳೊಡನೆ ಗಣಕಯಂತ್ರದೊಳಗೆ ಅಂಕೆಗಳಿಂದ ಕಟ್ಟುತ್ತಾರೆ. ಅಷ್ಟಕ್ಕೇ ನಿಂತರೆ ಅದು ನಕ್ಷೆ. ಆದರೆ ಹೊರಗಿನ ಮಳೆಮಾಪಕಗಳು, ನೀರಿನ ಮಟ್ಟವನ್ನಳೆಯುವ ಉಪಕರಣಗಳು, ಬೆಳೆಯ ಹಸುರನ್ನು ಮೇಲಿನಿಂದ ನೋಡುವ ಉಪಗ್ರಹಗಳು ಕಳುಹಿಸುವ ಸುದ್ದಿಯನ್ನು ಒಳಗಿನ ಈ ಕಾಲುವೆ ಬಿಡದೆ ಸ್ವೀಕರಿಸುತ್ತ, ತನ್ನ ಲೆಕ್ಕಕ್ಕೂ ಹೊರಗಿನ ಸತ್ಯಕ್ಕೂ ಅಂತರ ಕಂಡಾಗಲೆಲ್ಲ ತನ್ನನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಹೊರಗೆ ನೀರೇರಿದರೆ ಒಳಗೂ ಏರುತ್ತದೆ. ಹೊರಗೆ ಒಂದು ಗೇಟು ಕೆಟ್ಟರೆ ಒಳಗಿನ ಗೇಟೂ ಕೆಟ್ಟು ನಿಲ್ಲುತ್ತದೆ. ಹೀಗೆ ಜೀವಂತವಾಗಿರುವುದರಿಂದಲೇ ಅದಕ್ಕೆ ಅವಳಿ ಎಂಬ ಹೆಸರು. ಇದರ ಪ್ರಯೋಜನವು ಪ್ರಶ್ನೆ ಕೇಳುವುದರಲ್ಲಿದೆ. ಇಂದು ತಲೆಗೇಟಿನಲ್ಲಿ ಐದುನೂರು ಕ್ಯೂಸೆಕ್ ಕಡಿಮೆ ಮಾಡಿದರೆ ಕೊನೆಯ ಹಳ್ಳಿಯ ತೂಬು ಯಾವ ದಿನ ಒಣಗುವುದು? ಮುಂಗಾರು ಹದಿನೈದು ದಿನ ತಡವಾದರೆ ಭತ್ತದ ನಾಟಿಗೆ ನೀರುಂಟೋ ಇಲ್ಲವೋ? ನಿಜವಾದ ಹೊಲಗಳನ್ನು ಒಣಗಿಸಿ ನೋಡುವ ಬದಲು ಅಂಕೆಯ ಹೊಲಗಳನ್ನು ಒಣಗಿಸಿ ನೋಡಬಹುದು.

ಇಂಥ ಯೋಚನೆ ತೀರ ಹೊಸತೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಸೇನಾ ಎಂಜಿನಿಯರುಗಳು ಮಿಸಿಸಿಪ್ಪಿ ನದಿಯ ಇಡೀ ಕೊಳ್ಳವನ್ನು ಸುಮಾರು 200 ಎಕರೆ ನೆಲದಲ್ಲಿ ಮಣ್ಣು, ಕಾಂಕ್ರೀಟುಗಳಿಂದ ಪುಟ್ಟದಾಗಿ ಕಟ್ಟಲು 1943ರಲ್ಲಿ ಆರಂಭಿಸಿದರು. ಮೊದಮೊದಲು ಅಲ್ಲಿ ಮಣ್ಣು ಹೊತ್ತವರು ಜರ್ಮನಿಯ ಯುದ್ಧಕೈದಿಗಳು. ಅಡ್ಡಳತೆಯಲ್ಲಿ ಎರಡು ಸಾವಿರಕ್ಕೆ ಒಂದು, ಎತ್ತರದಲ್ಲಿ ನೂರಕ್ಕೆ ಒಂದು; ನದಿಯ ಒಂದು ದಿನ ಆ ಪುಟ್ಟ ನದಿಯಲ್ಲಿ ಐದೂವರೆ ನಿಮಿಷಕ್ಕೂ ಕಡಿಮೆ. 1952ರಲ್ಲಿ ಮಿಸೌರಿ ನದಿ ಉಕ್ಕಿದಾಗ ಯಾವ ಊರಿಗೆ ನೀರು ಎಷ್ಟೆತ್ತರ ಬರುವುದೆಂಬುದನ್ನು ಇದರಲ್ಲಿ ನೀರು ಹರಿಸಿಯೇ ಮುಂದಾಗಿ ತಿಳಿದರು. ಗಣಕಯಂತ್ರ ಬಂದ ಮೇಲೆ ಅದನ್ನು ಕೈಬಿಟ್ಟರು. ಈಗ ಗಿಡಗಂಟೆಗಳು ಬೆಳೆದು ಅದೊಂದು ಪಾಳುಬಿದ್ದ ನದಿ. ನಮ್ಮಲ್ಲಿಯೂ ಪುಣೆಯ ಬಳಿಯ ಖಡಕ್‌ವಾಸ್ಲದಲ್ಲಿ ಮೊದಲು, ಮುಂದೆ ನಮ್ಮ ಕೃಷ್ಣರಾಜಸಾಗರದಲ್ಲಿ, ಅಣೆಕಟ್ಟುಗಳ ಮಾದರಿಗಳನ್ನು ಕಟ್ಟಿ ನೀರು ಹರಿಸಿ ಪರೀಕ್ಷಿಸುವ ಸಂಶೋಧನಾ ಕೇಂದ್ರಗಳು ಬಂದಿವೆ. 1970ರಲ್ಲಿ ಚಂದ್ರನತ್ತ ಹೊರಟ ಅಪೋಲೊ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ, ಯಾತ್ರಿಗಳು ಮಾಡಬೇಕಾದ ಕಾರ್ಯಗಳನ್ನು ಭೂಮಿಯ ಮೇಲಿದ್ದ ಅನುಕರಣ ನೌಕೆಯಲ್ಲಿ ಮೊದಲು ಮಾಡಿ ನೋಡಿದರೆಂಬುದೂ ಪ್ರಸಿದ್ಧವೇ. ಇದಕ್ಕೆ ಶಾಸ್ತ್ರರೂಪ ಕೊಟ್ಟವರಲ್ಲಿ ಮೊದಲಿಗರೆಂದು ಮೈಕೇಲ್ ಗ್ರೀವ್ಸ್ ಅವರನ್ನು ಹೇಳುತ್ತಾರೆ, 2002ರ ಮಾತು. 'ಡಿಜಿಟಲ್ ಟ್ವಿನ್' ಎಂಬ ಹೆಸರು ನಾಸಾ ಸಂಸ್ಥೆಯ ಬರಹಗಳಲ್ಲಿ 2010ರ ಹೊತ್ತಿಗೆ ನೆಲೆಗೊಂಡಿತು. ಅಲ್ಲಿಂದ ವಿಮಾನ, ಕಾರ್ಖಾನೆ, ನಗರಗಳನ್ನು ದಾಟಿ ಈಗ ನದಿಗೆ ಬಂದಿದೆ.

ಇನ್ನು ಶಬ್ದದ ಮಾತು. 'ಅಂಕೀಯ ಅವಳಿ' ಎಂದು ಪತ್ರಿಕೆಗಳಲ್ಲಿ ಬರೆಯುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಲ್ಲ. ಅವಳಿಗಳು ಒಂದೇ ಬಸಿರಿನಲ್ಲಿ ಹುಟ್ಟಿದರೂ ಬೇರೆ ಬೇರೆ ಜೀವಗಳು. ಒಂದಕ್ಕೆ ಹಸಿವಾದರೆ ಮತ್ತೊಂದು ಅಳಬೇಕೆಂಬ ನಿಯಮವಿಲ್ಲ. 'ಯಮಳ' ಎಂದರೂ ಅದೇ ಆಕ್ಷೇಪ. ಅಲಂಕಾರಶಾಸ್ತ್ರದಲ್ಲಿ ದೃಷ್ಟಾಂತಕ್ಕೆ ಲಕ್ಷಣ ಹೇಳುವಾಗ ಬಿಂಬಪ್ರತಿಬಿಂಬಭಾವ ಎನ್ನುತ್ತೇವೆ. ಅದು ಅರ್ಥಕ್ಕೆ ಹತ್ತಿರವಾಯಿತು, ಆದರೆ ರೈತರ ಸಭೆಗೆ ದೂರವಾಯಿತು. ಕಡೆಗೆ ಹಳಗನ್ನಡದ 'ಪಡಿ' ನೆನಪಿಗೆ ಬಂದಿತು. ಪಡಿ ಎಂದರೆ ಎದುರು, ಸಮಾನ, ಪ್ರತಿಯಾದದ್ದು. ಪಡಿನೆಳಲು, ಪಡಿಯಚ್ಚು ಎಂಬ ಮಾತುಗಳು ಈಗಲೂ ಬಾಳುತ್ತಿವೆ. ಅದೇ ಪಡಿಗೆ ಮತ್ತೊಂದು ಅರ್ಥವುಂಟು. ಅಳೆದುಕೊಡುವ ದಿನದ ಧಾನ್ಯ, ಪಾಲು. ಪಡಿತರ ಚೀಟಿಯಲ್ಲಿ ಇಂದಿಗೂ ಉಳಿದಿರುವ ಅರ್ಥ ಇದು. ಗಣಕದೊಳಗಿನ ಪ್ರತಿರೂಪವೂ ಪಡಿ, ರೈತನಿಗೆ ಸಲ್ಲಬೇಕಾದ ನೀರಿನ ಪಾಲೂ ಪಡಿ. 'ನೀರಿನ ಪಡಿ' ಎನ್ನು ಎಂದೆ. ಶಿಷ್ಯನು ಕಾಗದದಲ್ಲಿ ಬರೆದುಕೊಂಡು, "ಎರಡನೆಯ ಅರ್ಥವನ್ನು ಸಭೆಯಲ್ಲಿ ಹೇಳಿದರೆ ನನಗೆ ಕಷ್ಟವಾದೀತು ಗುರುಗಳೇ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನ ಕಷ್ಟ ಏನೆಂಬುದನ್ನೇ ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ತುಂಗಭದ್ರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1953ರಲ್ಲಿ ನೀರು ನಿಂತಾಗ ಆ ಜಲಾಶಯದಲ್ಲಿ ಹಿಡಿಯುತ್ತಿದ್ದುದು ಸುಮಾರು 132 ಟಿ.ಎಂ.ಸಿ. ವರ್ಷವರ್ಷವೂ ಹೂಳು ತುಂಬುತ್ತ ಬಂದು 2008ರ ಅಳತೆಯಲ್ಲಿ 100.855 ಎಂದಾಯಿತು, 2016ರ ಅಳತೆಯಲ್ಲಿ 105.788. ಎಂಟು ವರ್ಷಗಳಲ್ಲಿ ಜಲಾಶಯವು ಬೆಳೆಯಿತೆ? ಹಾಗಲ್ಲ, ಅಳೆಯುವ ವಿಧಾನ ಬೇರೆಯಾಯಿತು. ಎರಡು ಅಳತೆಗಳ ನಡುವಣ ಅಂತರ ಐದು ಟಿ.ಎಂ.ಸಿ.ಗೆ ಸಮೀಪ. ಕಡತದಲ್ಲಿ ಅದು ದಶಮಾಂಶ ಬಿಂದುವಿನ ಆಚೀಚೆಯ ಮಾತಾದರೂ ಬೇಸಗೆಯ ಬೆಳೆಗೆ ನೀರು ಬಿಡಬೇಕೆ ಬಾರದೆ ಎಂದು ನೀರಾವರಿ ಸಲಹಾ ಸಮಿತಿಯಲ್ಲಿ ಚರ್ಚೆಯಾಗುವಾಗ ಸಾವಿರಾರು ಮನೆಗಳ ಅನ್ನದ ಮಾತು. ಪಡಿಯನ್ನು ಕಟ್ಟುವವರು ಯಾವ ಅಂಕೆಯಿಂದ ಆರಂಭಿಸುತ್ತಾರೋ ಅದರ ಮೇಲೆ ಎಲ್ಲವೂ ನಿಂತಿದೆ. ಆದುದರಿಂದ ಹೂಳಿನ ಅಳತೆಯನ್ನು ಕಾಲಕಾಲಕ್ಕೆ ಮಾಡದೆ, ದುಬಾರಿಯಾದ ಪರದೆಯ ಮೇಲೆ ಹಳೆಯ ಜಲಾಶಯವನ್ನು ತೋರಿಸುವುದು ಮೃತರ ಜಾತಕವನ್ನು ನೋಡಿ ಫಲ ಹೇಳಿದಂತೆ.

ಆ ಜಲಾಶಯದ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಸೀಮೆಗಳಲ್ಲಿ 227 ಕಿಲೋಮೀಟರು ಹರಿಯುತ್ತದೆ. ಅದನ್ನು ಯೋಜಿಸಿದವರ ಉದ್ದೇಶ ಬರಗಾಲದಿಂದ ನೆಲವನ್ನು ಕಾಯುವುದು. ಜೋಳ, ಶೇಂಗಾ, ಹತ್ತಿಗಳಿಗೆ ತೆಳುವಾಗಿ ನೀರು ಹರಡಿ ಹೆಚ್ಚು ಊರುಗಳನ್ನು ಬದುಕಿಸುವುದು. ಭತ್ತಕ್ಕೆ ಇಟ್ಟ ಪಾಲು ಸ್ವಲ್ಪವೇ. ನಡೆದದ್ದು ಬೇರೆ. ಮೇಲ್ಭಾಗದಲ್ಲಿ ಗದ್ದೆಗಳು ಹಬ್ಬಿದವು. ನೀರು ನಿಂತು ಸವುಳು ಏರಿತು. ಕೆಳಗಿನವರಿಗೆ ಕಾಲುವೆ ಇತ್ತು, ನೀರಿರಲಿಲ್ಲ. ನೆದರ್ಲೆಂಡ್ಸಿನ ವಿದ್ವಾಂಸ ಪೀಟರ್ ಮೊಲ್ಲಿಂಗಾ ಅವರು ಈ ಕಾಲುವೆಯ ದಂಡೆಗಳಲ್ಲಿ ಅಲೆದು, ತೂಬುಗಳ ಬಳಿ ನಿಂತು, ನೀರು ಹೇಗೆ ಹಂಚಿಕೆಯಾಗುತ್ತದೆಂಬುದನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದಿದ್ದಾರೆ. ತೂಬೆಂಬುದು ಬರಿಯ ಕಬ್ಬಿಣ ಸಿಮೆಂಟುಗಳ ವಸ್ತುವಲ್ಲ, ಅದರ ಹಿಂದೆ ಊರಿನ ಬಲಾಬಲಗಳೆಲ್ಲ ನಿಂತಿವೆ ಎಂಬುದನ್ನು ನಮ್ಮ ಭಾಗದ ಯಾವ ಲಸ್ಕರನೂ ಅವರಿಗೆ ಹೇಳಬಹುದಾಗಿತ್ತು. ಆದರೆ ಅದನ್ನು ಗ್ರಂಥಸ್ಥಗೊಳಿಸಲು ಹೊರನಾಡಿನವರು ಬರಬೇಕಾಯಿತೆಂಬುದು ನಾಚಿಕೆಯ ಸಂಗತಿ. ರಾಯಚೂರು ಕಡೆಯ ರೈತರ ಮಾತಿನಲ್ಲಿ '69ನೇ ಮೈಲು', '104ನೇ ಮೈಲು' ಎಂಬುವು ದೇವಸ್ಥಾನದ ಹೆಸರುಗಳಂತೆ ಬರುತ್ತವೆ. ಅಲ್ಲಿ ಗೇಜಿನಲ್ಲಿ ಇಷ್ಟು ಅಡಿ ನಿಲ್ಲಬೇಕೆಂದು ಧರಣಿ, ನಿಂತಿದೆಯೆಂದು ಹೇಳಿಕೆ, ನಿಂತಿಲ್ಲವೆಂದು ಮತ್ತೆ ಧರಣಿ. ಬೇಸಗೆಯ ಪತ್ರಿಕೆಗಳಲ್ಲಿ ಈ ಸುದ್ದಿ ತಪ್ಪಿದ ವರ್ಷ ಅಪರೂಪ.

ಇಂಥಲ್ಲಿ ನೀರಿನ ಪಡಿಯು ಬಂದರೆ ಉಪಕಾರವೋ ಅಪಕಾರವೋ? ಯಂತ್ರವೆಂದರೆ ಮೂಗು ಮುರಿಯುವ ಪಂಡಿತವರ್ಗಕ್ಕೆ ಸೇರಿದವನಾದರೂ ಉಪಕಾರವೆಂದೇ ನಾನು ಹೇಳುತ್ತೇನೆ. ಕಾಲುವೆಯ ನೂರಾರು ಕಿಲೋಮೀಟರುಗಳಲ್ಲಿ ನೀರು ಎಲ್ಲಿ ಕಳೆಯಿತೆಂಬುದನ್ನು ಮನುಷ್ಯನ ಕಣ್ಣು ಏಕಕಾಲಕ್ಕೆ ನೋಡಲಾರದು. 47ನೇ ಮೈಲಿಗೂ 69ನೇ ಮೈಲಿಗೂ ನಡುವೆ ಇಳಿದ ನೀರಿಗೂ ಅಲ್ಲಿ ಬೆಳೆದ ಬೆಳೆಗೂ ತಾಳೆ ಬೀಳದಿದ್ದರೆ ಪಡಿಯು ಅದನ್ನು ಒಂದೇ ದಿನದಲ್ಲಿ ಎತ್ತಿ ತೋರಿಸಬಲ್ಲದು. ಮುಚ್ಚಿಡಲು ಅದಕ್ಕೆ ನೆಂಟರಿಲ್ಲ.

ಆದರೆ ಪಡಿಯನ್ನು ಕಟ್ಟುವವರಿಗೆ ನೆಂಟರಿದ್ದಾರೆ. ಅಲ್ಲಿಯೇ ನನ್ನ ಸಂಶಯ ಆರಂಭವಾಗುವುದು.

ಶಿಷ್ಯನು ನನಗೊಂದು ಸೂತ್ರ ಹೇಳಿಕೊಟ್ಟ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಎಂಬ ಎಂಜಿನಿಯರರು 1889ರಲ್ಲಿ ಮಂಡಿಸಿದ್ದು. ಪಾಣಿನಿಯ ಸೂತ್ರದಷ್ಟೇ ಚಿಕ್ಕದು, ಅಷ್ಟೇ ದೂರ ಹೋಗುವುದು. ಕಾಲುವೆಯಲ್ಲಿ ನೀರಿನ ವೇಗವು ಇಳಿಜಾರು, ಆಳಗಳ ಮೇಲೆ ಹೇಗೋ ಹಾಗೆಯೇ ಒಡಲಿನ ಒರಟುತನದ ಮೇಲೂ ನಿಂತಿದೆ. ನುಣುಪಾದ ಕಾಂಕ್ರೀಟಿನ ಹೊದಿಕೆಯಿದ್ದರೆ ಒರಟುತನದ ಅಂಕೆ ಸುಮಾರು 0.015, ಹೊದಿಕೆ ಕಿತ್ತು ಜೊಂಡು ಬೆಳೆದ ಮಣ್ಣಿನ ಕಾಲುವೆಗೆ 0.03 ಅಥವಾ ಅದಕ್ಕೂ ಹೆಚ್ಚು. ಅಂಕೆ ಇಮ್ಮಡಿಯಾದರೆ ಅದೇ ಆಳದಲ್ಲಿ ವೇಗ ಅರ್ಧ. ಈಗ ಯೋಚಿಸಿ: ಕಡತದಲ್ಲಿ ಕಾಲುವೆ ದುರಸ್ತಿಯಾಗಿದೆ, ಬಿಲ್ಲು ಪಾವತಿಯಾಗಿದೆ, ನೆಲದ ಮೇಲೆ ಜೊಂಡು ಆಳೆತ್ತರ ನಿಂತಿದೆ. ಪಡಿಯನ್ನು ಕಟ್ಟುವವನು ಕಡತವನ್ನು ನಂಬಿ 0.015 ಎಂದು ಬರೆದರೆ ಒಳಗಿನ ಕಾಲುವೆಯಲ್ಲಿ ಕೊನೆಯ ಹೊಲಕ್ಕೂ ನೀರು ಗಳಗಳನೆ ಮುಟ್ಟುತ್ತದೆ. ಹೊರಗಿನ ರೈತ ಬಂದು ನೀರಿಲ್ಲವೆಂದರೆ, ಪರದೆಯನ್ನು ತೋರಿಸಿ ನೀರಿದೆಯೆನ್ನುತ್ತಾರೆ. ಮೊದಲು ಅವನೊಡನೆ ವಾದಿಸಲು ಒಬ್ಬ ಅಧಿಕಾರಿ ಮಾತ್ರ ಇದ್ದ. ಈಗ ಶಾಸ್ತ್ರವೂ ಅವನಿಗೆದುರಾಗಿ ಸಾಕ್ಷಿ ಹೇಳುತ್ತದೆ. ಅಳೆಯುವ ಉಪಕರಣಗಳಿದ್ದರೆ ಪಡಿಯು ತಾನೇ ತಿದ್ದಿಕೊಳ್ಳುವುದಲ್ಲವೆ ಎಂದು ಕೇಳಿದೆ. "ಉಪಕರಣ ಇರುವಲ್ಲಿ ತಿದ್ದಿಕೊಳ್ಳುತ್ತದೆ ಗುರುಗಳೇ; ಅವು ಮುಖ್ಯ ಕಾಲುವೆಯ ಮೇಲೆ ಇರುತ್ತವೆ" ಎಂದ. ಕೊನೆಯ ಉಪಕಾಲುವೆಯಲ್ಲಿ? ಅವನು ಸುಮ್ಮನಾದ.

ಆ ಮೌನವನ್ನು ತುಂಬಬಲ್ಲ ಒಂದು ಪುಸ್ತಕ ನನ್ನ ಬಳಿ ಇದೆ. ಅದು ತರಗತಿಯ ಹಾಜರಿ ಪುಸ್ತಕ. ಮೂವತ್ತು ವರ್ಷಗಳಿಂದ ನಾನು ಅದನ್ನು ಬರೆಯುತ್ತಿದ್ದೇನೆ. ಕಾಲುವೆಯ ಕೊನೆಯ ಆರೇಳು ಹಳ್ಳಿಗಳ ಮಕ್ಕಳ ಹೆಸರಿನ ಮುಂದೆ ಪುಷ್ಯ ಮಾಸ ಕಳೆಯುತ್ತಲೇ ಗೈರುಹಾಜರಿಯ ಗುರುತು ಸಾಲುಗಟ್ಟಿದರೆ ಆ ವರ್ಷ ಕಾಲುವೆಯಲ್ಲಿ ನೀರು ಬಂದಿಲ್ಲವೆಂದೇ ತಿಳಿಯಬೇಕು. ಮನೆಮಂದಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿದ್ದಾರೆ, ಮಕ್ಕಳು ಇಟ್ಟಿಗೆ ಮರಳುಗಳ ನಡುವೆ ತಮ್ಮಂದಿರನ್ನು ಆಡಿಸುತ್ತಿದ್ದಾರೆ. ಗುಳೆ ಹೋಗುವ ಮೊದಲು ಕೆಲವು ತಂದೆತಾಯಿಗಳು ಬಂದು, "ಗುರುಗಳೇ, ಇವನೊಬ್ಬನನ್ನು ಮಠದಾಗ ಇಟ್ಟುಕೊಳ್ಳಿರಿ" ಎಂದು ಕೈಮುಗಿಯುತ್ತಾರೆ. ಪ್ರಸಾದ ನಿಲಯದ ಪಂಕ್ತಿ ಆಗ ಉದ್ದವಾಗುತ್ತದೆ. ಈ ಸಂಚಿಕೆಯನ್ನು ಓದುತ್ತಿರುವ ದಾನಿಗಳು ಜೋಳದ ಚೀಲ ಕಳುಹಿಸುವಂತೆ ನಮ್ಮ ಕಾರ್ಯದರ್ಶಿಗಳಿಂದ ಪತ್ರ ಪಡೆಯುವುದು ಆ ವರ್ಷಗಳಲ್ಲಿಯೇ ಹೆಚ್ಚು. ಮಕ್ಕಳೂ ದಾಸೋಹವೂ ಹೀಗೆ ಗೇಜಿನ ಮುಳ್ಳಿನಂತೆ ಏರಿಳಿಯುತ್ತಿರುವುದನ್ನು ಯಾವ ಪಡಿಯೊಳಗೂ ಯಾರೂ ಬರೆದಿಲ್ಲ. ಹೋದ ಹುಡುಗರಲ್ಲಿ ಎಲ್ಲರೂ ಮರಳಿ ಬರುವುದಿಲ್ಲವೆಂಬುದನ್ನು ಮಾತ್ರ ನಾನು ಬಲ್ಲೆ. ಅವರ ಹೆಸರುಗಳ ಮೇಲೆ ಕೆಂಪು ಗೆರೆ ಎಳೆಯುವವನು ನಾನೇ.

ನಮ್ಮ ನಾಡಿನಲ್ಲಿ ಪಡಿಯ ಅಂಗಾಂಗಗಳು ಆಗಲೇ ಸಿದ್ಧವಾಗುತ್ತಿವೆ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ 2023ರ ಜನವರಿ 19ರಂದು ಪ್ರಧಾನಿಗಳು ಲೋಕಾರ್ಪಣೆ ಮಾಡಿದ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಅದಕ್ಕೊಂದು ನಿದರ್ಶನ. 10,000 ಕ್ಯೂಸೆಕ್ ಹರಿಯಬಲ್ಲ, ನಾಲ್ಕೂವರೆ ಲಕ್ಷ ಹೆಕ್ಟೇರಿಗೆ ನೀರುಣಿಸಬೇಕಾದ ಆ ಕಾಲುವೆಯ ಗೇಟುಗಳನ್ನು ದೂರದ ಕೊಠಡಿಯಿಂದಲೇ ಅಳೆದು ಏರಿಸಿ ಇಳಿಸುವ ಏರ್ಪಾಡು ಅಲ್ಲಿದೆ. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕೈ, ಕಣ್ಣುಗಳು ಬಂದುವು. ಮುಂದಾಲೋಚಿಸುವ ಮನಸ್ಸನ್ನು ಸೇರಿಸಿದರೆ ಪಡಿ ಪೂರ್ಣವಾಗುತ್ತದೆ. ಬಸವಸಾಗರವೆಂದು ಹೆಸರಿಟ್ಟ ಜಲಾಶಯದ ಕಾಲುವೆಯಲ್ಲಿ ಹಂಚಿಕೆ ನೇರ್ಪಡದಿದ್ದರೆ ಹೆಸರಿಗೇ ಕುಂದು ಎಂಬ ಭಯದಿಂದಲಾದರೂ ಅದನ್ನು ಚೆನ್ನಾಗಿ ನಡೆಸಬೇಕು.

ಮತ್ತೊಂದು, ನನಗೆ ಹೆಚ್ಚು ಮೆಚ್ಚಿಕೆಯಾದದ್ದು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೆ ಮಳೆಮಾಪಕಗಳನ್ನು ನೆಟ್ಟಿದೆ. ಮಾತ್ರವಲ್ಲ, 'ವರುಣ ಮಿತ್ರ' ಎಂಬ ಸಹಾಯವಾಣಿಗೆ ರೈತನು ಕರೆಮಾಡಿದರೆ ಅವನ ಊರಿನ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲಿ ಹೇಳುತ್ತದೆ. ಯಂತ್ರವು ರೈತನಿಗೆ ಉತ್ತರ ಕೊಡಬೇಕೆಂಬ ತತ್ತ್ವ ಅಲ್ಲಿ ಇದೆ. ಕಾಲುವೆಯ ಪಡಿಗೂ ಇಂಥದೊಂದು ಬಾಯಿ ಬೇಕು. ನಮ್ಮ ತೂಬಿಗೆ ಈ ವಾರ ಎಷ್ಟು ಸಲ್ಲಬೇಕಾಗಿತ್ತು, ಎಷ್ಟು ಸಂದಿತು, ಕಡಿಮೆಯಾಗಿದ್ದರೆ ಎಲ್ಲಿ ಕಡಿಮೆಯಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳದ ಪಡಿ ಅಧಿಕಾರಿಗಳ ಆಟಿಕೆ. ಶಿಷ್ಯನ ಕಷ್ಟ ಇದೇ ಆಗಿತ್ತು. ಪಾಲು ಎಂಬ ಅರ್ಥ ಜನರಿಗೆ ತಿಳಿದರೆ ಅವರು ಪಾಲನ್ನು ಕೇಳಿಯಾರು.

ಮೇಲ್ಭಾಗದ ರೈತರನ್ನು ದೂರುವುದು ನನ್ನ ಉದ್ದೇಶವಲ್ಲ. ಕಣ್ಣೆದುರಿಗೆ ಹರಿಯುವ ನೀರನ್ನು ಹೊಲಕ್ಕೆ ತಿರುಗಿಸಿಕೊಳ್ಳದವನು ಮುನಿಯೇ ಇರಬೇಕು. ತನ್ನ ಹತ್ತು ಎಕರೆಯ ಭತ್ತದಿಂದ ಎಷ್ಟು ದೂರದ ಯಾವ ಹೊಲ ಒಣಗುವುದೆಂದು ಅವನಿಗೆ ಕಾಣುವುದಿಲ್ಲ. ಪಡಿಯು ಅದನ್ನು ಕಾಣಿಸಬಲ್ಲದಾದರೆ, ಅವನನ್ನೂ ಕೆಳಗಿನವನನ್ನೂ ಒಂದೇ ಪರದೆಯ ಮುಂದೆ ಕೂರಿಸಿದರೆ, ಕೆಲವರಾದರೂ ಜೋಳಕ್ಕೆ ಮರಳಿಯಾರು. ಇದು ನನ್ನ ಆಶೆ, ಪ್ರಮಾಣವಿಲ್ಲ.

ಒಂದು ಕಾಲುವೆಯ ಎರಡು ಊರುಗಳಿಗೆ ಹೇಳಿದ್ದು ಒಂದು ನದಿಯ ಎರಡು ರಾಜ್ಯಗಳಿಗೂ ಸಲ್ಲುತ್ತದೆ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆ ಉಕ್ಕಿ ಸಾಂಗಲಿ, ಕೊಲ್ಲಾಪುರಗಳು ಮುಳುಗಿದಾಗ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಮಹಾರಾಷ್ಟ್ರದಲ್ಲಿ ಕೂಗೆದ್ದಿತು. 2019ರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆಗಳೂ ಮುಳುಗಿದ್ದುವೆಂಬುದನ್ನು ಆ ಕೂಗಿನಲ್ಲಿ ಯಾರೂ ಕೇಳಲಿಲ್ಲ. ಆ ರಾಜ್ಯವೇ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ ಆಲಮಟ್ಟಿಯು ಆ ನೆರೆಗೆ ಕಾರಣವಲ್ಲವೆಂದು ಹೇಳಿದ ಮೇಲೂ ವಿವಾದ ನಿಲ್ಲಲಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿಯೇ ಸಮ್ಮತಿಸಿತು. 2025ರಲ್ಲಿ ನಮ್ಮ ಸರ್ಕಾರ ಆ ಮಾತೆತ್ತಿದಾಗ ಅದೇ ಆಕ್ಷೇಪ ಮತ್ತೆ ಎದ್ದಿತು. ಈ ಪಕ್ಷಕ್ಕೊಂದು ಪಡಿ, ಆ ಪಕ್ಷಕ್ಕೊಂದು ಪಡಿ ಕಟ್ಟಿಕೊಂಡರೆ ಎರಡೂ ವಕೀಲರಾಗುತ್ತವೆ, ಯಾವುದೂ ಕನ್ನಡಿಯಾಗುವುದಿಲ್ಲ. ಕೊಯ್ನೆಯಿಂದ ಹಿಡಿದು ಕೆಳಗಿನವರೆಗೆ ಒಂದೇ ಪಡಿ, ಎಲ್ಲರೂ ನೋಡಬಲ್ಲ ಅಂಕೆಗಳು. ಅದರಿಂದ ಜಗಳ ತೀರುವುದಿಲ್ಲ, ನೀರು ಎಷ್ಟೆತ್ತರ ನಿಂತಿತ್ತೆಂಬ ಒಂದು ಜಗಳ ಮಾತ್ರ ತೀರುತ್ತದೆ. ಉಳಿದುದನ್ನು ಮನುಷ್ಯರೇ ತೀರಿಸಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ತುಂಗಭದ್ರೆಯ 19ನೇ ಗೇಟಿನ ಮಾತನ್ನು ಬಿಡುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತ ಹೊತ್ತಿನಲ್ಲಿ, 33 ಗೇಟುಗಳಲ್ಲಿ ಒಂದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಭಾರವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ವರ್ಷದ ಆಸೆಯಾಗಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಕನ್ಹಯ್ಯ ನಾಯ್ಡು ಎಂಬ ವಯೋವೃದ್ಧ ಗೇಟು ತಜ್ಞರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲಿಯೇ ಕಬ್ಬಿಣದ ಅಡ್ಡಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಆ ಬಾಯನ್ನು ಮುಚ್ಚಿದರು. ಎಪ್ಪತ್ತು ವರ್ಷದ ಸರಪಳಿಯ ಸವೆತವನ್ನು ಅಳೆಯುವ ಉಪಕರಣವಿದ್ದಿದ್ದರೆ ಪಡಿಯು ಮೊದಲೇ ಕೂಗಿ ಹೇಳುತ್ತಿತ್ತೆಂದು ಶಿಷ್ಯನ ವಾದ. ಹೇಳುತ್ತಿತ್ತು, ನಿಜ. ಸರಪಳಿಗೆ ವಯಸ್ಸಾಗಿದೆಯೆಂದು ತಿಳಿಯಲು ಮಾತ್ರ ಗಣಕಯಂತ್ರ ಬೇಕೆ? ವಿಜಯನಗರದ ಅರಸರು ತೆಗೆಸಿದ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಅದೇ ನದಿಯ ದಂಡೆಯಲ್ಲಿ ಈಗಲೂ ಹರಿಯುತ್ತಿವೆ. ಕೆರೆ ಕಟ್ಟಿಸಿದವರೊಡನೆ ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿಯನ್ನೂ ನಮ್ಮ ಶಾಸನಗಳು ಹೇಳುತ್ತವೆ. ಬಿತ್ತುವಟ್ಟವೆಂಬ ದತ್ತಿ ಹುಟ್ಟಿದ್ದು ದುರಸ್ತಿಗಾಗಿ. ಕಟ್ಟಿದ ದಿನವೇ ಕಾಯುವವನ ಅನ್ನವನ್ನು ಗೊತ್ತುಮಾಡಿದರು. ಇಂದು ಪಡಿಯನ್ನು ಕಟ್ಟಲು ಹಣ ದೊರೆಯುತ್ತದೆ, ಐದನೆಯ ವರ್ಷ ಕೆಟ್ಟ ಉಪಕರಣವನ್ನು ಬದಲಿಸಲು ದೊರೆಯುವುದಿಲ್ಲ. ಪಡಿಗೂ ಒಂದು ಬಿತ್ತುವಟ್ಟ ಬೇಕು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುತ್ತಿದ್ದಲ್ಲಿಗೆ ಅಲ್ಲಮಪ್ರಭುಗಳು ಬಂದು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಎಲ್ಲರೂ ಓದಿದ್ದೇವೆ. ಕೆಲಸದವರು ಕಲ್ಲೆಸೆದರು, ಪ್ರಭುಗಳು ಕದಲಲಿಲ್ಲ. ಹೊರಗಿನ ಕರ್ಮಕ್ಕಿಂತ ಒಳಗಿನ ಅರಿವು ದೊಡ್ಡದೆಂಬ ಅರ್ಥವನ್ನು ಪ್ರವಚನಕಾರರು ಹೇಳುತ್ತಾರೆ, ಅದು ಸರಿಯೇ. ಆದರೆ ಪ್ರಭುಗಳು ಕೆರೆಯನ್ನು ಮುಚ್ಚಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಸೊಲ್ಲಾಪುರದಲ್ಲಿ ಇಂದಿಗೂ ಆ ಕೆರೆಯಿದೆ, ಅದರ ನಡುವೆ ಗುಡಿಯಿದೆ. ಪಾಠ ಹೇಳುವಾಗಲೆಲ್ಲ ನನಗೆ ತೋರುತ್ತಿದ್ದುದು ಇದು: ಕಟ್ಟುವವನನ್ನು ನಿಲ್ಲಿಸಿ, ನೀನು ಯಾರು, ಇದು ಯಾರಿಗಾಗಿ ಎಂದು ಕೇಳುವ ಒಬ್ಬನು ಬೇಕು. ಕಲ್ಲೆಸೆದರೂ ಕದಲದಂಥವನು. ನೀರಿನ ಪಡಿಯನ್ನು ಕಟ್ಟಿಸುವ ಸಮಿತಿಗಳಲ್ಲಿ ಎಂಜಿನಿಯರರೂ ಗಣಿತಜ್ಞರೂ ತುಂಬಿರುತ್ತಾರೆ. ಕೊನೆಯ ಹಳ್ಳಿಯ ಒಬ್ಬ ರೈತ, ಕಾಲುವೆಯ ಜೊಂಡನ್ನು ಕಣ್ಣಾರೆ ಕಂಡ ಒಬ್ಬ ಲಸ್ಕರ, ಅವರಿಗೆ ಕುರ್ಚಿ ಹಾಕುವವರಿಲ್ಲ. ಒರಟುತನದ ಅಂಕೆಯನ್ನು ಬರೆಯುವ ದಿನ ಅವರಿಬ್ಬರ ಸಹಿಯೂ ಇರಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಶಿಷ್ಯನು ಹೊರಡುವಾಗ ನಾನೊಂದು ಪ್ರಶ್ನೆ ಕೇಳಿದೆ: ಕೊನೆಯ ಉಪಕಾಲುವೆಯಲ್ಲಿ ನಿಮ್ಮ ಉಪಕರಣವಿಲ್ಲದಿದ್ದರೆ ನಮ್ಮ ಹುಡುಗರ ಕಣ್ಣು ಸಾಲದೆ? ಅವನು ತುಸು ಹೊತ್ತು ಯೋಚಿಸಿ, ಸಾಕು, ಆದರೆ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ತಪ್ಪದೆ ಬರೆಯಬೇಕು. ರಜಾದಿನಗಳಲ್ಲಿ ಕೂಡ, ಎಂದ. ತಪ್ಪದೆ ಬರೆಯುವುದನ್ನು ಕಲಿಸುವುದೇ ನಮ್ಮ ಉದ್ಯೋಗವಲ್ಲವೆ?

ದೀಪಾವಳಿಯ ರಜೆ ಮುಗಿದ ಮೇಲೆ ಶಾಲೆಯ ಹಿಂದಿನ ಉಪಕಾಲುವೆಯ ಸೇತುವೆಯ ಕಂಬಕ್ಕೆ ಚಿತ್ರಕಲಾ ಶಿಕ್ಷಕರು ಅಡಿ, ಅಂಗುಲಗಳ ಗುರುತನ್ನು ಬಿಳಿ ಮತ್ತು ಕಪ್ಪು ಬಣ್ಣಗಳಲ್ಲಿ ಬರೆದುಕೊಟ್ಟರು. ಒಂಬತ್ತನೆಯ ತರಗತಿಯ ಮಕ್ಕಳು ಬೆಳಗಿನ ಪ್ರಾರ್ಥನೆಯಾದೊಡನೆ ಇಬ್ಬಿಬ್ಬರಾಗಿ ಹೋಗಿ ನೋಡಿಕೊಂಡು ಬಂದು ಸೂಚನಾ ಫಲಕದಲ್ಲಿಯೂ ಒಂದು ದಪ್ಪ ವಹಿಯಲ್ಲಿಯೂ ಬರೆಯುತ್ತಾರೆ. ರಜೆಯ ದಿನಗಳ ಹೊಣೆಯನ್ನು ಪ್ರಸಾದ ನಿಲಯದ ಹುಡುಗರು ಹೊತ್ತಿದ್ದಾರೆ. ಇಂಥ ಕಂಬಗಳನ್ನು ನಮ್ಮ ಸಂಸ್ಥೆಯ ಉಳಿದ ಶಾಲೆಗಳಿರುವ ಊರುಗಳಲ್ಲಿಯೂ ಮಾಡಬಹುದು. ವೆಚ್ಚ ಬಣ್ಣದ ಡಬ್ಬಿಯದಷ್ಟೇ. ಮಾಹಿತಿಯನ್ನು ಪಡಿಯೊಳಕ್ಕೆ ಸೇರಿಸಲು ಸಾಧ್ಯವೇ ಎಂದು ಶಿಷ್ಯನು ತನ್ನ ಮೇಲಧಿಕಾರಿಗಳಿಗೆ ಬರೆದಿದ್ದಾನಂತೆ. ಉತ್ತರ ಇನ್ನೂ ಬಂದಿಲ್ಲ. ವಹಿಯು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದೆ, ಸಂಚಿಕೆಯ ಬಿಡುಗಡೆಗೆ ಬರುವ ಹಳೆಯ ವಿದ್ಯಾರ್ಥಿಗಳು ತೆರೆದು ನೋಡಬಹುದು. ಮೊದಲ ಪುಟದಲ್ಲಿ ಹನ್ನೊಂದು ದಿನಗಳ ಮುಂದೆ 'ನೀರಿಲ್ಲ' ಎಂದಿದೆ. ಹನ್ನೆರಡನೆಯ ದಿನ ಬೇರೊಬ್ಬ ಹುಡುಗನ ಕೈಬರಹದಲ್ಲಿ, 'ನಾಲ್ಕು ಅಂಗುಲ, ಕೆಸರು ನೀರು.'